ನೆಲದೊಳಗಿನ ಮನೆ

ಜುಲೈ ತಿಂಗಳ ಒಂದು ರಾತ್ರಿ ಅವ್ವ ಫೋನು ಮಾಡಿದಳು. ಅಲ್ಲಿ ಆಗ ಬೆಳಗು. ಮಳೆಗೆ ಹಿತ್ತಲ ಕಡೆಯ ಗೋಡೆ ಬಿದ್ದಿತ್ತು. ನಮ್ಮಜ್ಜ ಕಟ್ಟಿದ ಮಣ್ಣಿನ ಗೋಡೆ. ಬಿದ್ದ ಕಡೆ ಗೋಣಿಚೀಲ ಕಟ್ಟಿಕೊಂಡು ಒಳಗೆ ಕೂತು ಮಾತಾಡುತ್ತಿದ್ದಳು.

“ಬ್ಯಾಂಕಿಗೆ ಹೋಗಿದ್ದೇನವ್ವಾ?”

“ಹೋಗಿದ್ನೆಪಾ. ಜಾಗಾ ನಿಮ್ಮ ಮಾವನ ಹೆಸರಿಲೆ ಅದ ಅಂದ್ರು. ಉತಾರ ತಗೊಂಡು ಹೋದೆ. ಇದು ನಡ್ಯಂಗಿಲ್ಲ, ಇ-ಸ್ವತ್ತು ತಾ ಅಂದ್ರು. ನಾಕ ಸಲ ಹೋದೆ. ನಾಕೂ ಸಲ ನಾಳಿ ಬಾ ಅಂದ್ರು.”

“ಸಾಲ ಕೊಡಂಗಿಲ್ಲ ಅಂದ್ರೇನು?”

“ಇಲ್ಲ ಅಂತ ಯಾರೂ ಅನ್ನಲಿಲ್ಲ ತಮ್ಮಾ. ನಾಳಿ ಬಾ ಅಂದ್ರು, ಅಷ್ಟ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದಳು: “ಊರಾಗಿನವರೊಬ್ರು ಜಾಗಾ ಕೇಳ್ಯಾರ. ಕೊಟ್ಟು ಬಿಡ್ಲೇನು?”

ನನಗೆ ಉತ್ತರ ಹೊಳೆಯಲಿಲ್ಲ. ನಾಲ್ಕು ಕವಿತೆ ಅಚ್ಚಾಗಿವೆ, ಮನೆತನಕ್ಕೇ ಮೊದಲನೆಯದಾದ ಪದವಿ ಇದೆ, ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಕ್ಯಾನ್ಸಸ್ ರಾಜ್ಯಕ್ಕೆ ಓದಲು ಬಂದಿದ್ದೇನೆ. ಇಷ್ಟೆಲ್ಲ ಇದ್ದೂ ಅವ್ವನ ಒಂದು ಗೋಡೆಗೆ ನನ್ನ ಹತ್ತಿರ ಮಾತಿಲ್ಲ. “ಎರಡು ದಿನ ತಡಿಯವ್ವಾ” ಅಂತ ಹೇಳಿ ಫೋನು ಇಟ್ಟೆ.

ಆ ಎರಡು ದಿನದಲ್ಲಿ ನಾನು ನಿಕೋಡಿಮಸ್ ಎಂಬ ಊರಿಗೆ ಹೋಗಿ ಬಂದೆ. ಈ ಬರಹ ಆ ಊರಿನದು, ಆ ಊರಿರುವ ಗ್ರಹಾಂ ಕೌಂಟಿಯದು, ಅಲ್ಲಿಯ ಮನೆಗಳದು, ಸಾಲದ್ದು. ನಮ್ಮ ಗೋಡೆಯದೂ ಹೌದು.

ಜೊತೆಗೆ ಓದುವ ಕಪ್ಪು ಗೆಳೆಯನೊಬ್ಬ ಕರೆದುಕೊಂಡು ಹೋದ. ಜುಲೈ ಕೊನೆಯ ವಾರಕ್ಕೆ ಅಲ್ಲಿ ಬಿಡುಗಡೆಯ ಹಬ್ಬ. ಗುಲಾಮಗಿರಿ ಹೋದ ನೆನಪಿಗೆ, ಊರು ಬಿಟ್ಟು ಹೋದವರೆಲ್ಲ ಮಕ್ಕಳು ಮರಿ ಕಟ್ಟಿಕೊಂಡು ವರ್ಷಕ್ಕೊಮ್ಮೆ ತಿರುಗಿ ಬರುವ ದಿನ. ನಮ್ಮ ಕಡೆ ಜಾತ್ರೆಗೆ ಪುಣೆ, ಬೆಂಗಳೂರಿಗೆ ದುಡಿಯಲು ಹೋದವರು ಬರುವುದಿಲ್ಲವೇ, ಹಾಗೆ. ಕಾರಿನಲ್ಲಿ ಪಶ್ಚಿಮಕ್ಕೆ ಹೋದಂತೆ ಗಿಡಮರ ಕಡಿಮೆಯಾದವು. ಗೋಧಿ ಕೊಯ್ದ ಹೊಲಗಳು ಬೋಳಾಗಿದ್ದವು. ಅವುಗಳ ಪಕ್ಕದಲ್ಲಿ ಹಸಿರಾಗಿ ನಿಂತದ್ದನ್ನು ಕಂಡು “ಕಾರು ನಿಲ್ಲಿಸು” ಅಂದೆ. ಇಳಿದು ನೋಡಿದರೆ ಜೋಳ! ಗಿಡ್ಡ ತಳಿ, ಅದನ್ನು ಬೆಳೆಯುವುದು ಹೆಚ್ಚಾಗಿ ದನಕ್ಕೆ ಹಾಕಲು. ಆದರೂ ಜೋಳವೇ. ಈ ಕಾಳು ಆಫ್ರಿಕದಿಂದ ಹೊರಟು ನಮ್ಮ ಹೊಲಕ್ಕೂ ಬಂತು, ಇಲ್ಲಿಗೂ ಬಂತು. ಕಾಳಿಗೆ ಯಾರೂ ಪತ್ರ ಕೇಳಲಿಲ್ಲ.

ನಿಕೋಡಿಮಸ್ ಅಂದರೆ ಹೆದ್ದಾರಿ ಪಕ್ಕದ ನಾಲ್ಕು ಓಣಿ. ಸುಣ್ಣದ ಕಲ್ಲಿನ ಟೌನ್‌ಶಿಪ್ ಹಾಲ್, ಎರಡು ಹಳೆಯ ಚರ್ಚು, ಹಿಂದೆ ಹೋಟೆಲಾಗಿದ್ದ ಒಂದು ಮನೆ, 1918ರ ಶಾಲೆ, ಇನ್ನು ಕೆಲವು ಮನೆ. 2020ರ ಜನಗಣತಿಯಲ್ಲಿ ಇಲ್ಲಿಯ ಜನ 14. ಇಡೀ ಕೌಂಟಿಯಲ್ಲೇ ಸುಮಾರು 2,400. ಕೌಂಟಿ ಅಂದರೆ ನಮ್ಮ ತಾಲ್ಲೂಕಿಗೂ ಜಿಲ್ಲೆಗೂ ನಡುವಿನದು ಅಂದುಕೊಳ್ಳಿ. ಜನ ನಮ್ಮ ಒಂದು ದೊಡ್ಡ ಹಳ್ಳಿಯಷ್ಟೂ ಇಲ್ಲ.

ಈ ಊರು ಹುಟ್ಟಿದ್ದು 1877ರಲ್ಲಿ. ಗುಲಾಮಗಿರಿ ಹೋಗಿ ಹನ್ನೆರಡು ವರ್ಷವಾಗಿತ್ತು. ಬಿಡುಗಡೆಯಾದವರ ಕುಟುಂಬಕ್ಕೆ ತಲಾ ನಲವತ್ತು ಎಕರೆವರೆಗೆ ಕೊಡುತ್ತೇವೆ ಎಂದು 1865ರಲ್ಲಿ ದಕ್ಷಿಣದ ಕಡಲತೀರದಲ್ಲಿ ಸೈನ್ಯದ ದಂಡನಾಯಕ ಹೊರಡಿಸಿದ ಆದೇಶವನ್ನು ಅದೇ ವರ್ಷ ಅಧ್ಯಕ್ಷ ಆಂಡ್ರೂ ಜಾನ್ಸನ್ ತಿರುಗಿಸಿ ಹಾಕಿದ. ಜಮೀನು ಹಳೆಯ ಧಣಿಗಳ ಕೈಗೇ ಹೋಯಿತು. ದುಡಿದವರು ಮತ್ತೆ ಅವರ ಹೊಲಕ್ಕೆ ಪಾಲಿಗೆ ಬಿದ್ದರು. ಅಂಥ ಹೊತ್ತಿನಲ್ಲಿ ಏಳು ಜನ ಸೇರಿ ಒಂದು ಊರಿನ ಕಂಪನಿ ಮಾಡಿದರು. ಆರು ಜನ ಕಪ್ಪು, ಒಬ್ಬ ಬಿಳಿಯ. ಬಿಳಿಯನ ಹೆಸರು ಡಬ್ಲ್ಯು. ಆರ್. ಹಿಲ್, ಜಮೀನಿನ ವ್ಯವಹಾರದವನು. ಐದು ಡಾಲರ್ ಕೊಟ್ಟರೆ ಕ್ಯಾನ್ಸಸ್ಸಿಗೆ ಹೋಗಬಹುದು ಅಂತ ಕೆಂಟಕಿಯಲ್ಲಿ ಕರಪತ್ರ ಹಂಚಿದರು. ಸೆಪ್ಟೆಂಬರಿನಲ್ಲಿ ಸುಮಾರು ಮುನ್ನೂರು ಜನ ಬಂದರು. ನಿಕೋಡಿಮಸ್ ಅಂದರೆ ತನ್ನ ಬಿಡುಗಡೆಯನ್ನು ತಾನೇ ದುಡ್ಡು ಕೊಟ್ಟು ಕೊಂಡ ಗುಲಾಮನ ಹೆಸರು ಅಂತ ಅಲ್ಲಿಯವರು ಕಥೆ ಹೇಳುತ್ತಾರೆ. ಊರಿನ ಹೆಸರಲ್ಲೇ ಕಂತು ಕಟ್ಟಿದ ಲೆಕ್ಕ ಇದೆ ನೋಡಿ.

ಬಂದವರಿಗೆ ಊರು ಕಾಣಲಿಲ್ಲ. ವಿಲಿಯಾನಾ ಹಿಕ್ಮನ್ ಎಂಬಾಕೆ 1878ರ ವಸಂತದಲ್ಲಿ ಗಂಡ ಮಕ್ಕಳೊಂದಿಗೆ ಬಂದಳು. ಅಗೋ ನಿಕೋಡಿಮಸ್ ಅಂತ ಗಂಡಸರು ಕೈತೋರಿಸಿದರು. ಕಣ್ಣು ಹಾಯಿಸಿದರೆ ನೆಲದೊಳಗಿಂದ ಹೊಗೆ ಏಳುತ್ತಿತ್ತು, ಅಷ್ಟೇ. ಜನ ನೆಲ ತೋಡಿ ಗವಿಯಂಥ ಮನೆ ಮಾಡಿಕೊಂಡು ಒಳಗಿದ್ದರು. ತಾನು ಅತ್ತದ್ದನ್ನು ಆಕೆ ಮುಂದೆ ನೆನಪು ಮಾಡಿಕೊಂಡಿದ್ದಾಳೆ. ಮರ ಇಲ್ಲ, ಕಲ್ಲು ಒಡೆಯಲು ಸಲಕರಣೆ ಇಲ್ಲ, ನೇಗಿಲು ಕುದುರೆ ಇದ್ದವರು ಬೆರಳೆಣಿಕೆ. ಸನಿಕೆ ಗುದ್ದಲಿಯಲ್ಲಿ ಹುಲ್ಲುಗಾವಲು ಅಗೆದು ಬಿತ್ತಿದರು. ಕೆಲವರು ಹಿಂದಿರುಗಿ ಹೋದರು. ಉಳಿದವರಿಗೆ ಮೊದಲ ಚಳಿಗಾಲದಲ್ಲಿ, ಬೇಟೆ ಮುಗಿಸಿ ಹೋಗುತ್ತಿದ್ದ ಓಸೇಜ್ ಬುಡಕಟ್ಟಿನವರು ಮಾಂಸ ಕೊಟ್ಟು ಬದುಕಿಸಿದರು ಅಂತ ಊರವರ ನೆನಪು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋದರೆ ನಾವೂ ಮೋಸಗಾರರಾಗುತ್ತೇವೆ. ಸರ್ಕಾರ ಪುಕ್ಕಟೆ ಹಂಚಿದ ನೆಲ ಸರ್ಕಾರದ ಅಪ್ಪನ ಮನೆಯದಾಗಿರಲಿಲ್ಲ. ಪಾನಿ, ಶಯೆನ್, ಕಾ, ಓಸೇಜ್ ಜನರನ್ನು ಕ್ಯಾನ್ಸಸ್ಸಿನಿಂದ ದಬ್ಬಿ ಬಿಡಿಸಿಕೊಂಡ ನೆಲ ಅದು. ಕಸಿದುಕೊಂಡವರು ಬೇರೆ, ಕಸಿದ ನೆಲದ ಮೇಲೆ ಹಸಿದು ಕೂತವರು ಬೇರೆ. ಅವರಿಗೆ ಊಟ ಕೊಟ್ಟವರು ನೆಲ ಕಳೆದುಕೊಂಡವರೇ.

1862ರ ಹೋಂಸ್ಟೆಡ್ ಕಾಯ್ದೆಯ ಲೆಕ್ಕ ಸರಳ. 160 ಎಕರೆವರೆಗೆ ನೆಲ. ಫೀಜು ಎಲ್ಲ ಸೇರಿ 18 ಡಾಲರ್. ಐದು ವರ್ಷ ಅಲ್ಲೇ ವಾಸ ಮಾಡಬೇಕು, ಮನೆ ಕಟ್ಟಿರಬೇಕು, ಬೇಸಾಯ ಮಾಡಿರಬೇಕು. ಕೊನೆಗೆ ಇಬ್ಬರು ಸಾಕ್ಷಿ ಬಂದು ಹೌದು, ಈತ ಇಲ್ಲಿದ್ದಾನೆ, ಉತ್ತಿದ್ದಾನೆ ಅಂತ ಹೇಳಬೇಕು. ಹೇಳಿದರೆ ಪಟ್ಟಾ ಕೈಗೆ. ಹಾಗಾಗಿ ವಿಲಿಯಾನಾ ಕಂಡು ಅತ್ತ ಆ ಗವಿಗಳು ಬರೀ ಬಡತನದ ಗುರುತಲ್ಲ. ಕಾಯ್ದೆಯ ಪ್ರಕಾರ ಅವು ವಾಸದ ಪುರಾವೆ. ನೆಲದೊಳಗಿನ ಮನೆಯೇ ನೆಲದ ಮೇಲಿನ ಹಕ್ಕಿಗೆ ದಾಖಲೆಯಾಯಿತು. ಅಕ್ಷರ ಬಾರದವನಿಗೂ ಅಕ್ಕಪಕ್ಕದ ಇಬ್ಬರ ಮಾತು ಸಾಕಾಗಿತ್ತು. ಈ ಸಂಗತಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ಮುಂದಿನ ಹತ್ತು ವರ್ಷ ಊರು ತಲೆಯೆತ್ತಿತು. ಕಲ್ಲಿನ ಮನೆ, ಅಂಗಡಿ, ಶಾಲೆ, ಎರಡು ಪತ್ರಿಕೆ. 1880ರಲ್ಲಿ ಗ್ರಹಾಂ ಕೌಂಟಿ ಆದಾಗ ನಿಕೋಡಿಮಸ್ಸಿನ ಎಡ್ವರ್ಡ್ ಮೆಕೇಬ್ ಅದರ ಮೊದಲ ಗುಮಾಸ್ತನಾದ. ಕೌಂಟಿಯ ದಫ್ತರವೇ ಕಪ್ಪು ಮನುಷ್ಯನ ಕೈಯಲ್ಲಿ! 1882ರಲ್ಲಿ ಆತ ರಾಜ್ಯದ ಲೆಕ್ಕ ಪರಿಶೋಧಕನಾಗಿ ಆರಿಸಿ ಬಂದ, 1884ರಲ್ಲಿ ಮತ್ತೆ ಗೆದ್ದ.

ಆಮೇಲೆ ರೈಲಿನ ಆಸೆ ಬಂತು. ರೈಲು ಬಂದರೆ ಊರು ಉಳಿಯುತ್ತದೆ. ರೈಲು ಕಂಪನಿಗೆ ಕೊಡಲು 16,000 ಡಾಲರ್ ಸಾಲಪತ್ರಕ್ಕೆ 1887ರಲ್ಲಿ ಜನ ಮತ ಹಾಕಿದರು. ಹತ್ತು ವರ್ಷದ ಹಿಂದೆ ಗವಿಯಲ್ಲಿದ್ದವರು ಇಡೀ ಊರನ್ನೇ ಅಡವಿಟ್ಟು ನಾಳೆಯನ್ನು ಕೊಳ್ಳಲು ಹೊರಟಿದ್ದರು. ಆ ಕಂಪನಿಯ ರೈಲು ಬರಲೇ ಇಲ್ಲ. 1888ರಲ್ಲಿ ಇನ್ನೊಂದು ಕಂಪನಿ ಹಳಿ ಹಾಕಿತು, ಆದರೆ ಸಾಲೋಮನ್ ನದಿಯ ಆಚೆ, ಕೆಲವೇ ಮೈಲಿ ದೂರದಲ್ಲಿ. ಅಲ್ಲಿ ಬೋಗ್ ಎಂಬ ಊರು ಎದ್ದಿತು. ನಿಕೋಡಿಮಸ್ಸಿನ ಅಂಗಡಿಗಳು ಗಂಟುಮೂಟೆ ಕಟ್ಟಿ ಅಲ್ಲಿಗೆ ಹೋದವು. ಅದೇ ವರ್ಷ ಕೌಂಟಿಯ ಕಚೇರಿ ಹಿಲ್ ಸಿಟಿಗೆ ಹೋಯಿತು. ಯಾವ ಹಿಲ್? ಐದು ಡಾಲರಿನ ಕರಪತ್ರದ ಕಂಪನಿಯ ಅದೇ ಹಿಲ್. ಜಮೀನಿನ ದಲ್ಲಾಳಿಯ ಹೆಸರಿನ ಊರಲ್ಲಿ ಇವತ್ತಿಗೂ ಇಡೀ ಕೌಂಟಿಯ ಜಮೀನಿನ ಪತ್ರಗಳು ಇವೆ. ನಮ್ಮಲ್ಲೂ ಊರಿಗೆ ಗೌಡರ ಹೆಸರು, ಕೇರಿಗೆ ಬರೀ ಕೇರಿ ಎಂಬ ಹೆಸರು.

ಹಾಲಿನ ಹೊರಗೆ ಮರದ ನೆರಳಲ್ಲಿ ಊಟಕ್ಕೆ ಹಾಕಿದ್ದರು. ಪರಕೀಯನ ಹಾಗೆ ನಿಂತಿದ್ದ ನನ್ನನ್ನು ಒಬ್ಬ ಮುದುಕಿ ಕರೆದು ಪಕ್ಕ ಕೂರಿಸಿಕೊಂಡರು. ಎಂಬತ್ತು ದಾಟಿದ್ದಿರಬೇಕು. ಅವರ ಮಾತು ಇಂಗ್ಲಿಷು. ನನ್ನ ಕಿವಿಗೆ ಮಾತ್ರ ನಮ್ಮ ಆಯಿಯ ಮಾತಿನ ಹಾಗೇ ಬಿತ್ತು. ಹಾಗಾಗಿ ಹಾಗೇ ಬರೆಯುತ್ತೇನೆ.

“ಯಾವೂರಪಾ ನಿಂದು?”

ಹೇಳಿದೆ. ಊರ ಹೊರಗಿನ ಕೇರಿಯವರು ನಾವು ಅಂತಲೂ ಹೇಳಿದೆ. ಅವರಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ನಮ್ಮ ಪ್ಯಾಂಥರುಗಳು 1972ರಲ್ಲಿ ಮುಂಬಯಿಯಲ್ಲಿ ಅವರ ಪ್ಯಾಂಥರುಗಳ ಹೆಸರನ್ನು ಸುಮ್ಮನೆ ಇಟ್ಟುಕೊಳ್ಳಲಿಲ್ಲ. ಗೋಡೆ ಬಿದ್ದದ್ದು, ನಾಳಿ ಬಾ ಅಂದದ್ದು ಹೇಳಿದೆ. ಅವರು ತಟ್ಟೆ ಕೆಳಗಿಟ್ಟು ನಕ್ಕರು.

“ನಮ್ಮಪ್ಪಗೂ ಹಂಗ ಅಂತಿದ್ರು. ಬೀಜದ ಸಾಲಕ್ಕ ಹೋದ್ರ ಬಿತ್ತೋದು ಮುಗದ ಮ್ಯಾಲ ಕರೀತಿದ್ರು. ಬ್ಯಾಸಿಗಿಗೆ ಕೊಡೆ ಕೊಟ್ಟಂಗ. ಕೊಡಂಗಿಲ್ಲ ಅಂತ ಯಾವತ್ತೂ ಅನ್ನಲಿಲ್ಲ.”

“ಬರದು ಕೊಡ್ರಿ ಅಂತ ಕೇಳಲಿಲ್ಲೇನು?”

“ಟೋಪಿ ಕೈಯಾಗ ಹಿಡಕೊಂಡು ನಿಂತವ ಏನ್ ಕೇಳ್ತಾನ ಮಗನ?”

ಅವರ ಅಪ್ಪ ಯಾವ ಕಚೇರಿಗೆ ಹೋಗಿದ್ದರೋ ನಾನು ಕೇಳಲಿಲ್ಲ. ಆದರೆ ವಾಪಸು ಬಂದ ಮೇಲೆ ಗ್ರಂಥಾಲಯದಲ್ಲಿ ಕೂತು ಅಮೆರಿಕದ ಹಳ್ಳಿಗಳ ಸಾಲದ ಚರಿತ್ರೆಯನ್ನು ಹಿಡಿದು ಓದಿದೆ. ಹಳ್ಳಿ ಮೇಷ್ಟರುಗಳಿಗೆ, ಸಂಘಟನೆಯ ಗೆಳೆಯರಿಗೆ ಅದು ಗೊತ್ತಿರಬೇಕು ಅಂತ ಇಲ್ಲಿ ಇಡುತ್ತಿದ್ದೇನೆ.

ಆ ದೇಶದಲ್ಲಿ 1946ರಲ್ಲಿ ರೈತರ ಗೃಹ ಆಡಳಿತ ಅಂತ ಒಂದು ಸರ್ಕಾರಿ ಸಂಸ್ಥೆ ಹುಟ್ಟಿತು. 1949ರ ವಸತಿ ಕಾಯ್ದೆಯ 502ನೇ ಕಲಮಿನ ಪ್ರಕಾರ ಅದು ಹೊಲವಿದ್ದ ರೈತರಿಗೆ ಮನೆ ಸಾಲ ಕೊಡತೊಡಗಿತು. 1961ರಲ್ಲಿ ಹೊಲವಿಲ್ಲದ ಹಳ್ಳಿಯವರಿಗೂ ಬಾಗಿಲು ತೆರೆಯಿತು. 1968ರಲ್ಲಿ ಬಡವರಿಗೆ ಬಡ್ಡಿಯನ್ನು ನೂರಕ್ಕೆ ಒಂದರವರೆಗೆ ಇಳಿಸುವ ಸಹಾಯ ಬಂತು. 1994ರಲ್ಲಿ ಆ ಸಂಸ್ಥೆಯನ್ನು ಮುಚ್ಚಿ, ಮನೆ ಸಾಲವನ್ನು ಒಂದು ವಿಭಾಗಕ್ಕೂ ಬೇಸಾಯದ ಸಾಲವನ್ನು ಇನ್ನೊಂದಕ್ಕೂ ಹಂಚಿದರು. ಎರಡೂ ಕೃಷಿ ಇಲಾಖೆಯ ಕೆಳಗೇ. ಮುಂಗಡ ಹಣ ಬೇಡ, ತೀರಿಸಲು 33 ವರ್ಷ, ತೀರಾ ಬಡವರಾದರೆ 38. ಗ್ರಹಾಂ ಕೌಂಟಿಯಂಥ ಸಣ್ಣ ಊರುಗಳಿಗೆಂದೇ ಮಾಡಿದ ಸಾಲ. ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು. ಬ್ಯಾಂಕು ಮೂಸಿಯೂ ನೋಡದ ಹಳ್ಳಿಗಳಲ್ಲಿ ಲಕ್ಷಾಂತರ ಬಡ ಕುಟುಂಬಗಳಿಗೆ, ಬಿಳಿಯರಿಗೂ ಕಪ್ಪು ಜನರಿಗೂ, ಈ ಸಾಲದಿಂದ ಸೂರಾಗಿದೆ.

ಅದರಲ್ಲೊಂದು ಷರತ್ತಿದೆ. ಬೇರೆಲ್ಲೂ ಸರಿಯಾದ ಸಾಲ ಹುಟ್ಟುವುದಿಲ್ಲ ಅಂತ ಅರ್ಜಿದಾರ ತೋರಿಸಬೇಕು. ಕೊಟ್ಟ ಸಾಲ ತೀರಿಸಬಲ್ಲೆ ಅಂತಲೂ ತೋರಿಸಬೇಕು. ಯಾರೂ ನಂಬದಷ್ಟು ಬಡವನಾಗಿರಬೇಕು, ಸರ್ಕಾರ ನಂಬುವಷ್ಟು ಗಟ್ಟಿಗನಾಗಿರಬೇಕು. ನಮ್ಮ ಆದಾಯ ಪ್ರಮಾಣಪತ್ರದ ಸಾಲಿನಲ್ಲಿ ನಿಂತವರಿಗೆ ಈ ಹಗ್ಗದ ಮೇಲಿನ ನಡಿಗೆ ಹೊಸತಲ್ಲ. ಇದರ ಜೊತೆಗೆ 1990ರ ಕಾಯ್ದೆಯಿಂದ ಇನ್ನೊಂದು ದಾರಿ ಬಂತು: ಸಾಲ ಬ್ಯಾಂಕಿನದು, ಜಾಮೀನು ಸರ್ಕಾರದ್ದು. ಈಗ ಹೆಚ್ಚು ಹಣ ಹರಿಯುವುದು ಆ ದಾರಿಯಲ್ಲೇ. ಅಲ್ಲಿ ಸರ್ಕಾರದ ಸಬ್ಸಿಡಿ ಬಡ್ಡಿ ಇಲ್ಲ, ಆದಾಯದ ಮಿತಿ ಮೇಲಿನದು. ಸೋರುವ ಮಾಡಿನವನಿಗಿಂತ ಸಂಬಳದವನಿಗೆ ಅದು ಸಲೀಸು.

ಇನ್ನು ಬೇಸಾಯದ ಸಾಲ. ಹಳ್ಳಿಯಲ್ಲಿ ಮನೆ ಬೇರೆ ಹೊಲ ಬೇರೆ ಅಲ್ಲ. ಹೊಲ ಹೋದರೆ ಮನೆಯೂ ಹೋಗುತ್ತದೆ. ಆ ಸಾಲ ಯಾರಿಗೆ ಎಂಬುದರಲ್ಲಿ ಆಯಾ ಕೌಂಟಿಯ ರೈತರ ಸಮಿತಿಯ ಮಾತು ನಡೆಯುತ್ತಿತ್ತು. ಸಮಿತಿಯಲ್ಲಿ ಕೂತವರು ಬಹುಪಾಲು ಬಿಳಿಯರು. ಪಕ್ಕದ ಹೊಲದವನೇ ತೀರ್ಪುಗಾರ. ಪಕ್ಕದ ಹೊಲ ಹರಾಜಿಗೆ ಬಂದರೆ ಕೊಳ್ಳುವವನೂ ಅವನೇ ಇರಬಹುದು. 1920ರಲ್ಲಿ ಅಮೆರಿಕದಲ್ಲಿ ಕಪ್ಪು ರೈತರು ಒಂಬತ್ತು ಲಕ್ಷಕ್ಕೂ ಹೆಚ್ಚು. 1982ಕ್ಕೆ ಸುಮಾರು 33,000. ಆ ವರ್ಷ ಅಲ್ಲಿಯ ನಾಗರಿಕ ಹಕ್ಕುಗಳ ಆಯೋಗವೇ ವರದಿ ಬರೆದು ಈ ಸಾಲದ ಸಂಸ್ಥೆಯ ಕಡೆ ಬೊಟ್ಟು ಮಾಡಿತು. ಮರುವರ್ಷ ಕೃಷಿ ಇಲಾಖೆ ಏನು ಮಾಡಿತು ಗೊತ್ತೇ? ದೂರು ವಿಚಾರಿಸುವ ತನ್ನ ಕಚೇರಿಯನ್ನೇ ಬರ್ಖಾಸ್ತು ಮಾಡಿತು. ದೂರುಗಳು ಬರುತ್ತಲೇ ಇದ್ದವು, ಓದುವವರಿರಲಿಲ್ಲ.

1997ರಲ್ಲಿ ಕಪ್ಪು ರೈತರು ಕೋರ್ಟಿಗೆ ಹೋದರು. ಪಿಗ್‌ಫೋರ್ಡ್ ಮೊಕದ್ದಮೆ ಅಂತ ಅದರ ಹೆಸರು. ಅವರ ಕೈಯಲ್ಲಿದ್ದ ಆಯುಧ 1974ರ ಸಮಾನ ಸಾಲ ಅವಕಾಶದ ಕಾಯ್ದೆ. ಸಾಲ ನಿರಾಕರಿಸಿದರೆ ಕಾರಣ ಹೇಳಬೇಕು ಎಂಬ ನಿಯಮ ಅದರಲ್ಲಿದೆ. ಆದರೆ ದಾವೆ ಹೂಡಲು ಆಗ ಎರಡೇ ವರ್ಷದ ಗಡುವು. ಇಲಾಖೆ ದೂರನ್ನು ಮೂಲೆಗೆ ಹಾಕಿಕೊಂಡು ಕೂತಿತ್ತು, ಗಡುವು ಸದ್ದಿಲ್ಲದೆ ದಾಟಿತ್ತು. 1998ರಲ್ಲಿ ಸಂಸತ್ತು ಹಳೆಯ ದೂರುಗಳಿಗೆ ಆ ಗಡುವನ್ನು ತೆಗೆದುಹಾಕಬೇಕಾಯಿತು. 1999ರಲ್ಲಿ ರಾಜಿ ಆಯಿತು. ಸಲೀಸು ದಾರಿಯಲ್ಲಿ ಗೆದ್ದವರಿಗೆ ತಲಾ 50,000 ಡಾಲರ್, ಜೊತೆಗೆ ಸಾಲದ ಮನ್ನಾ. ಆದರೆ ಒಂದು ಪುರಾವೆ ಬೇಕು: ನಿನ್ನಂಥದೇ ಸ್ಥಿತಿಯ ಇಂಥ ಬಿಳಿಯ ರೈತನಿಗೆ ಸಾಲ ಸಿಕ್ಕಿತು, ನಿನಗೆ ಸಿಗಲಿಲ್ಲ ಅಂತ ಹೆಸರು ಹಿಡಿದು ತೋರಿಸು.

ಈಗ ಹಳೆಯ ಮಾತನ್ನು ನೆನಪು ಮಾಡಿಕೊಳ್ಳಿ. ಪಟ್ಟಾ ಸಿಗಲು ಇಬ್ಬರು ಬಂದು ಈತ ಇಲ್ಲಿದ್ದಾನೆ ಅಂದರೆ ಸಾಕಾಗಿತ್ತು. ನೂರು ವರ್ಷದ ಮೇಲೆ, ಆ ನೆಲ ಹೇಗೆ ಕೈತಪ್ಪಿತು ಅಂತ ಹೇಳಲು ಪಕ್ಕದ ಬಿಳಿಯನ ಸಾಲದ ಲೆಕ್ಕ ಬೇಕಾಯಿತು. ಅದನ್ನು ಟೋಪಿ ಕೈಯಲ್ಲಿ ಹಿಡಿದು ನಿಂತವನು ಎಲ್ಲಿಂದ ತರುತ್ತಾನೆ? ಆದರೂ 15,000ಕ್ಕೂ ಹೆಚ್ಚು ಜನ ಗೆದ್ದರು. ತಡವಾಯಿತು ಅಂತ ಹೊರಗುಳಿದವರು 60,000ಕ್ಕೂ ಹೆಚ್ಚು. ಅವರಿಗಾಗಿ 2010ರಲ್ಲಿ 125 ಕೋಟಿ ಡಾಲರಿನ ಎರಡನೇ ರಾಜಿ ಆಯಿತು. 2021ರಲ್ಲಿ ಕಪ್ಪು ಮತ್ತು ಇತರ ತುಳಿತಕ್ಕೊಳಗಾದ ರೈತರ ಸಾಲ ಮನ್ನಾಕ್ಕೆ ಕಾನೂನು ಬಂತು. ಬಿಳಿಯ ರೈತರು ಕೋರ್ಟಿಗೆ ಹೋಗಿ ತಡೆ ತಂದರು, 2022ರಲ್ಲಿ ಅದು ರದ್ದಾಯಿತು. ಬದಲಿಗೆ ತಾರತಮ್ಯ ಅನುಭವಿಸಿದ ಯಾರಿಗೇ ಆದರೂ ಅಂತ ಜನಾಂಗದ ಹೆಸರಿಲ್ಲದ ಪರಿಹಾರ ಬಂತು. 2024ರಲ್ಲಿ 43,000 ಜನರಿಗೆ ಸುಮಾರು 200 ಕೋಟಿ ಡಾಲರ್ ಹಂಚಿದರು. ಆ ಹೊತ್ತಿಗೆ ಎಷ್ಟೋ ಮುದುಕರು ಮಣ್ಣಾಗಿದ್ದರು.

ನಿಕೋಡಿಮಸ್ ಖಾಲಿಯಾದದ್ದು ಸಾಲದ ಕಚೇರಿಯಿಂದಲೇ ಅಂದರೆ ಸುಳ್ಳಾದೀತು. ರೈಲು ಕೈಕೊಟ್ಟಿತು. 1930ರ ದಶಕದ ಬರ, ಧೂಳಿನ ಬಿರುಗಾಳಿ ಬಂತು. ಬೆಲೆ ಬಿತ್ತು. ಹುಡುಗರು ಪಟ್ಟಣಕ್ಕೆ ಹೋದರು. ಅಕ್ಕಪಕ್ಕದ ಬಿಳಿಯರ ಊರುಗಳೂ ಸೊರಗಿವೆ. ಆದರೆ ಕೆಟ್ಟ ವರ್ಷದಲ್ಲಿ ಕೈಹಿಡಿಯುವ ಸಾಲ ಯಾರಿಗೆ ಸಿಕ್ಕಿತೋ ಅವರು ಉಳಿದರು, ಯಾರಿಗೆ ನಾಳೆ ಬಾ ಅಂದರೋ ಅವರು ಎದ್ದು ಹೋದರು. ಚರಿತ್ರೆಯ ಪುಸ್ತಕದಲ್ಲಿ ಇದನ್ನು ವಲಸೆ ಅಂತ ಬರೆಯುತ್ತಾರೆ.

1996ರಲ್ಲಿ ಅಮೆರಿಕ ಸರ್ಕಾರ ನಿಕೋಡಿಮಸ್ಸನ್ನು ರಾಷ್ಟ್ರೀಯ ಚಾರಿತ್ರಿಕ ತಾಣ ಎಂದು ಘೋಷಿಸಿತು. ಬರ, ನಿರುದ್ಯೋಗದ ಕಾಲದಲ್ಲಿ ಸರ್ಕಾರಿ ಕಾಮಗಾರಿಯಾಗಿ 1939ರಲ್ಲಿ ಕಟ್ಟಿದ ಟೌನ್‌ಶಿಪ್ ಹಾಲಿನಲ್ಲಿ ಹಳೆಯ ಚಿತ್ರಗಳನ್ನು ಇಟ್ಟಿದ್ದಾರೆ. ಒಳ್ಳೆಯ ಕೆಲಸ. ಆದರೆ ಆ ಚಿತ್ರಗಳ ಮುಂದೆ ನಿಂತಾಗ ನನಗೆ ಹೊಟ್ಟೆಯೊಳಗೆ ಉರಿಯಿತು. ಹೊಗೆಯಾಡುವ ಮನೆಗೆ ಸಾಲ ಹುಟ್ಟಲಿಲ್ಲ, ಹೊಗೆ ಆರಿದ ಮನೆಗೆ ಫಲಕ ಹುಟ್ಟಿತು.

ಹೊರಡುವಾಗ ಆಯಿ ನನ್ನ ಕೈ ಹಿಡಿದು ಕೇಳಿದರು: “ನಿಮ್ಮವ್ವ ಜಾಗಾ ಕೊಡ್ತಾಳೇನು?”

“ಕೇಳಾಕತ್ಯಾರ.”

“ಕೊಟ್ರ ಮುಂದ ಹಬ್ಬಕ್ಕ ಬರಾಕೂ ಊರು ಇರಂಗಿಲ್ಲ ನೋಡು.”

ಮರುದಿನ ರಾತ್ರಿ ಅವ್ವನಿಗೆ ಫೋನು ಮಾಡಿದೆ. ಜಾಗ ಕೊಡಬೇಡ ಅಂದೆ. ಮೊದಲು ಪಂಚಾಯ್ತಿಗೆ ಹೋಗಿ ಅಜ್ಜನ ಹೆಸರಿನ ಬದಲು ನಿನ್ನ ಹೆಸರು ಹಚ್ಚಲು ಅರ್ಜಿ ಕೊಡು, ಇ-ಸ್ವತ್ತಿನ 9 ಮತ್ತು 11ನೇ ನಮೂನೆ ಕೇಳು ಅಂದೆ. ಶಾಲೆಯ ಮೇಷ್ಟರ ಕೈಯಲ್ಲಿ ಬ್ಯಾಂಕಿಗೂ ಒಂದು ಅರ್ಜಿ ಬರೆಸು ಅಂದೆ. ಎರಡು ಪ್ರತಿ ಮಾಡಿಸು, ಒಂದರ ಮೇಲೆ ಸಿಕ್ಕಾ ಹಾಕಿಸಿಕೊಂಡು ನಿನ್ನ ಹತ್ತಿರ ಇಟ್ಟುಕೋ. ಸಾಲದ ಅರ್ಜಿಗೆ ರಸೀದಿ ಕೊಡಬೇಕು, ತಿರಸ್ಕರಿಸಿದರೆ ಕಾರಣವನ್ನು ಬರೆದು ತಿಳಿಸಬೇಕು ಅಂತ 2003ರಲ್ಲೇ ನಮ್ಮ ರಿಸರ್ವ್ ಬ್ಯಾಂಕು ಹೇಳಿದೆ.

“ಅವರು ನಾಳಿ ಬಾ ಅಂದ್ರ?”

“ನಾಳಿ ಬಾ ಅನ್ನೋದನ್ನೂ ಬರದು ಕೊಡ್ರಿ ಅನ್ನವ್ವಾ.”

ಅವ್ವ ನಕ್ಕಳು. “ನನಗ ಓದಾಕ ಬರಂಗಿಲ್ಲಲ್ಲೋ ತಮ್ಮಾ. ಅವರು ಏನ್ ಬರದಾರ ಅಂತ ನನಗೇನ ಗೊತ್ತಾಗ್ತದ?”

“ನೀ ಇಟಗೋ. ನಾ ಬಂದು ಓದ್ತೀನಿ.”

ಹನ್ನೊಂದು ದಿನದ ಮೇಲೆ ಮೇಷ್ಟರ ಮೊಬೈಲಿನಿಂದ ಒಂದು ಫೋಟೋ ಬಂತು. ಸಾಲು ಸೊಟ್ಟಾದ ಅರ್ಜಿ, ಕೆಳಗೆ ಅವ್ವನ ಹೆಬ್ಬೆಟ್ಟು, ಅದರ ಪಕ್ಕದಲ್ಲಿ ಮಸುಕಾದ ನೇರಳೆ ಬಣ್ಣದ ಸಿಕ್ಕಾ, ತಾರೀಖು. ಸಾಲ ಇನ್ನೂ ಬಂದಿಲ್ಲ. ಗೋಡೆಗೆ ಗೋಣಿಚೀಲವೇ ಇದೆ. ಜಾಗ ಮಾತ್ರ ನಮ್ಮದೇ ಇದೆ.